ಬೆನ್ನ ಮೇಲಿನ ಕೈ

ರೆಜಿಸ್ ತನ್ನ ಸೈಕಲ್ಲಿಗೆ ತಾನೇ ಗಾಳಿ ತುಂಬುತ್ತೇನೆಂದು ಹಟ ಹಿಡಿದಾಗಲೇ ನಾದೆಜ್‌ಗೆ ಈ ಭಾನುವಾರ ಸುಮ್ಮನೆ ಕಳೆಯುವುದಿಲ್ಲ ಅನಿಸಿತು. ಪಂಪಿನ ಹಿಡಿಯನ್ನು ಅವನು ಎರಡೂ ಕೈಯಲ್ಲಿ ಒತ್ತುತ್ತಿದ್ದ. ಪ್ರತಿ ಒತ್ತಿಗೂ ಅಂಗಿಯ ಕೊರಳಿನಲ್ಲಿ ಎದೆಯ ಗಾಯದ ತುದಿ ಇಣುಕುತ್ತಿತ್ತು. ಕಳೆದ ನವೆಂಬರಿನಲ್ಲಿ ಲಿಯೋಂ ನಗರದ ಆಸ್ಪತ್ರೆಯೊಂದರಲ್ಲಿ ಅವನ ಎದೆ ತೆರೆದು ಮುಚ್ಚಿದ್ದರು. ಮದುವೆಗೆ ಮುಂಚಿನಿಂದಲೂ ದನದ ಲಾರಿ ಓಡಿಸಿದ, ಸಂತೆಯ ದಿನ ಬಿಳಿ ಹೋರಿಗಳನ್ನು ಬೈದುಕೊಂಡೇ ಹಲಗೆ ಹತ್ತಿಸುತ್ತಿದ್ದ ಗಂಡಸು ಈಗ ಪಂಪಿನ ಮೇಲೆ ಬಗ್ಗಿ ನಡುನಡುವೆ ಗೋಡೆ ನೋಡುತ್ತಿದ್ದ, ಗೋಡೆಯಲ್ಲಿ ಏನೋ ವಿಶೇಷ ಇರುವ ಹಾಗೆ. ಉಸಿರಿಗಾಗಿ ನಿಲ್ಲುತ್ತಿದ್ದಾನೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತಾಗಿದೆಯೆಂದು ಅವನಿಗೂ ಗೊತ್ತು. ಕೊಡು ಇಲ್ಲಿ ಎಂದು ಕಿತ್ತುಕೊಳ್ಳುವುದು ಅವಳ ಸ್ವಭಾವ. ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಅವಳು ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳದ ಸೌಟು ಯಾವುದೂ ಉಳಿದಿಲ್ಲ. ಆದರೆ ಇವತ್ತು ಬಾಗಿಲಲ್ಲೇ ನಿಂತು, ತೊಡೆಗಳನ್ನು ಮರೆಮಾಡುವವಳಂತೆ ಮಳೆಯಂಗಿಯನ್ನು ಸೊಂಟಕ್ಕೆ ಸುತ್ತಿಕೊಂಡಳು. ಚಳಿಗಾಲ ಪೂರ್ತಿ ಆ ತೊಡೆಗಳು ಏನು ಮಾಡಿದವೆಂದು ಅವನಿಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಗಲಿ ಎಂಬ ಆಸೆ ಹೊಟ್ಟೆಯೊಳಗೆ ಹಸಿವಿನಂತೆ ಕುಳಿತಿತ್ತು. ಕಾಯಿಲೆ ಬಿದ್ದ ಗಂಡನ ಎದುರು ಇಂಥ ಹಸಿವು ಇಟ್ಟುಕೊಂಡವಳು ಎಂಥ ಹೆಂಗಸು ಎಂದು ಅವಳಿಗೇ ಅಸಹ್ಯವಾಯಿತು. ಅಸಹ್ಯವಾದರೂ ಹಸಿವು ಹೋಗಲಿಲ್ಲ.

ಊರ ಚೌಕದಲ್ಲಿ ಉಳಿದಿಬ್ಬರು ಕಾಯುತ್ತಿದ್ದರು. ಅಂಗಡಿ ಮಗನಿಗೆ ಬಿಟ್ಟುಕೊಟ್ಟ ಕಸಾಯಿ ಮಾರ್ಸ್ಯಾಲ್, ಎಪ್ಪತ್ತು ದಾಟಿದವನು, ಹೊಟ್ಟೆ ಹ್ಯಾಂಡಲ್ಲಿಗೆ ತಾಗುವಂತೆ ಕೂತರೂ ಏರಿನಲ್ಲಿ ಯಾರಿಗೂ ಸೋಲದವನು. ಔಷಧಿ ಅಂಗಡಿಯ ಫಾಬ್ರಿಸ್, ಸೈಕಲ್ಲನ್ನು ತನ್ನ ಹಲ್ಲಿಗಿಂತ ಹೆಚ್ಚು ಉಜ್ಜುವವನು. ಊರಿನ ಸೈಕಲ್ ಕ್ಲಬ್ಬು ಎಂದರೆ ಈಗ ಇಷ್ಟೇ.

"ಬಂದ್ನಪ್ಪಾ ಲಾಜರ!" ಎಂದು ಮಾರ್ಸ್ಯಾಲ್ ಚೌಕವೆಲ್ಲ ಕೇಳುವಂತೆ ಕೂಗಿದ. "ಲೋ, ಸಮಾಧಿಯಿಂದ ಎದ್ದು ಬಂದ ಆ ಪುಣ್ಯಾತ್ಮನೂ ಇಷ್ಟು ಬಿಗಿ ಚಡ್ಡಿ ಹಾಕ್ಕೊಂಡು ಬಂದಿರಲಿಲ್ಲ ಕಣೋ."

"ನಿನ್ನ ಚಡ್ಡಿ ನೋಡ್ಕೋ. ಹೊಲಿಗೆ ಅಳ್ತಾ ಇದೆ," ಎಂದ ರೆಜಿಸ್.

ಎಲ್ಲರೂ ನಕ್ಕರು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಫಾಬ್ರಿಸ್ ನಾದೆಜ್‌ಳ ಪಕ್ಕಕ್ಕೆ ಸರಿದು, "ಮಾತ್ರೆ ಜೊತೆಗಿದೆ ತಾನೇ? ಆ ಯಂತ್ರ ಕೂಗಿದ್ರೆ ತಕ್ಷಣ ನಿಲ್ಸು ಅವನನ್ನ," ಎಂದು ತಗ್ಗಿದ ದನಿಯಲ್ಲಿ ಹೇಳಿದ, ಮಗುವನ್ನು ಶಾಲೆಗೆ ಬಿಡಲು ಬಂದ ತಾಯಿಗೆ ಹೇಳುವ ಹಾಗೆ. ರೆಜಿಸ್‌ನ ಕತ್ತಿನ ಹಿಂಭಾಗ ಕೆಂಪಾಯಿತು. ಕೇಳಿಸಿಕೊಂಡಿದ್ದ. ಹೃದಯದ ಬಡಿತ ಮಿತಿ ಮೀರಿದರೆ ಕೀಚ್ ಕೀಚ್ ಎನ್ನುವ ಆ ಪುಟ್ಟ ಯಂತ್ರವನ್ನು ವೈದ್ಯರು ಹೇಳಿ ಹಾಕಿಸಿದ್ದರು. ಹ್ಯಾಂಡಲ್ಲಿನ ಮೇಲೆ ಕೂತ ಅದನ್ನು ಅವನು ತನ್ನ ಅಂಗೈಯಿಂದ ಮುಚ್ಚಿದ.

ಹೊರಟರು. ಮೇ ತಿಂಗಳ ಬೆಳಗು, ಹಿಂದಿನ ದಿನ ಮಳೆ ಬಿದ್ದು ರಸ್ತೆ ಅಲ್ಲಲ್ಲಿ ಕಪ್ಪಾಗಿತ್ತು. ಬೇಲಿಗಳ ಮೇಲೆ ಹಾಥಾರ್ನ್ ಹೂವು ಮೊಸರು ಚೆಲ್ಲಿದಂತೆ, ಅದರಾಚೆ ಬಿಳಿ ಹಸುಗಳು. ಬೆಳಗಿನ ಹೊತ್ತಿನಲ್ಲಿ ಯಾವುದು ಹೂವು ಯಾವುದು ಹಸುವಿನ ಬೆನ್ನು ಎಂದು ಕಣ್ಣಿಗೆ ತಕ್ಷಣ ತಿಳಿಯುವುದಿಲ್ಲ. ರೆಜಿಸ್ ಹಳೆಯ ಅಭ್ಯಾಸದಂತೆ ಮುಂದೆ, ಅವನ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ನಾದೆಜ್, ಹಿಂದೆ ಇಬ್ಬರು. ಈ ಗೇಣು ಅಂತರದಲ್ಲಿ ಅವಳು ಎಷ್ಟು ವರ್ಷ ಕಳೆದಿದ್ದಾಳೆ! ಅವನ ಸೊಂಟ, ಅವನ ಮೀನಖಂಡ, ಅವನ ಬೆವರು ಗಾಳಿಯಲ್ಲಿ ಹಾರಿ ತನ್ನ ತುಟಿಗೆ ತಾಗಿದಾಗಿನ ಉಪ್ಪು. ಬ್ರಿಯೊನ್ನೆ ಸೀಮೆಯ ಚರ್ಚುಗಳನ್ನೆಲ್ಲ ಅವಳು ನೋಡಿರುವುದು ಅವನ ಭುಜದ ಮೇಲಿನಿಂದಲೇ. ಮೊದಲು ತಿರುವಿನಲ್ಲಿ ಗೋಪುರದ ತುದಿ, ಆಮೇಲೆ ಬೇಲಿ ಎದ್ದು ನುಂಗುತ್ತದೆ, ಮತ್ತೊಂದು ತಿರುವಿನಲ್ಲಿ ಗೋಪುರ ಎಡಗಡೆ ಇದ್ದದ್ದು ಬಲಗಡೆ ಬಂದಿರುತ್ತದೆ, ಕೊನೆಗೆ ಇದ್ದಕ್ಕಿದ್ದ ಹಾಗೆ ಜೇನುಬಣ್ಣದ ಕಲ್ಲು ಎದುರಿಗೇ. ಅವನು ಎಡಕ್ಕೆ ವಾಲಿದರೆ ಬಲಗಡೆಯ ಅರ್ಧ ಗೋಪುರ ಅವಳದು, ಬಲಕ್ಕೆ ವಾಲಿದರೆ ಎಡಗಡೆಯದು. ಪೂರ್ತಿ ಗೋಪುರ ಅವಳಿಗೆ ಸಿಕ್ಕಿದ್ದು ಈ ಚಳಿಗಾಲದಲ್ಲಿ, ಅವನು ಹಾಸಿಗೆ ಹಿಡಿದು ಮಲಗಿದ್ದಾಗ.

ವೆರ್ನೆಯ ಏರಿನಲ್ಲಿ ಮೊದಲ ಸಲ ಅವನು ಅವಳ ಬೆನ್ನಿಗೆ ಕೈ ಇಟ್ಟಿದ್ದು ಮದುವೆಯಾದ ಬೇಸಿಗೆ. ವೆರ್ನೆ ಎಂದರೆ ಗುಡ್ಡದ ಮೇಲೊಂದು ಚರ್ಚು, ಅದರ ಎದುರು ಒಂದು ಹೋಟೆಲು, ಏಳೆಂಟು ಮನೆ. ಸೇತುವೆಯಿಂದ ರಸ್ತೆ ನೇರ ಎದ್ದು ನಿಲ್ಲುತ್ತದೆ, ನಡುವೆ ಹಳೆಯ ಬಟ್ಟೆ ಒಗೆಯುವ ಕಟ್ಟೆಯ ಬಳಿ ಒಂದು ತಿರುವು. ಆ ತಿರುವಿನಲ್ಲಿ ಅವಳ ಕಾಲು ಸೋತಿದ್ದವು. ಆಗ ಬಂತು ಆ ಅಂಗೈ, ಸೊಂಟದ ಮೇಲೆ, ಅಗಲವಾಗಿ, ಬೆಚ್ಚಗೆ. ರಸ್ತೆಯೇ ಹಗುರಾಯಿತು. ಗಂಡನೆಂದರೆ ಇದು ಅಂದುಕೊಂಡಿದ್ದಳು ಆ ಹುಡುಗಿ. ಕ್ಲಬ್ಬಿನಲ್ಲಿ ಅದು ಎಲ್ಲರೂ ಒಪ್ಪಿದ ಪದ್ಧತಿ, ಬಲವಿದ್ದವನು ಬಲವಿಲ್ಲದವರ ಬೆನ್ನಿಗೆ ಕೈ ಇಟ್ಟು ತಳ್ಳುವುದು. ಕೇಳಬೇಕಿಲ್ಲ, ಹೇಳಬೇಕಿಲ್ಲ. ಆಮೇಲಾಮೇಲೆ ಅವಳ ಕಾಲು ಸೋಲುವುದಕ್ಕೆ ಮೊದಲೇ ಕೈ ಬರತೊಡಗಿತು. ಕಟ್ಟೆ ಬಂತು ಎಂದರೆ ಕೈ ಬಂತು. ಇವತ್ತು ಬೇಡ, ನೋಡೋಣ ಎಂದು ಅವಳು ಒಮ್ಮೆ ಅಂದಿದ್ದಳು. "ಸುಮ್ನಿರೇ, ಕತ್ತಲಾಗ್ಬಿಡುತ್ತೆ," ಎಂದಿದ್ದ ಅವನು, ಪ್ರೀತಿಯಿಂದಲೇ. ಮೇಲೆ ಹೋಗಿ ಗ್ಲಾಸು ಎತ್ತಿದಾಗ, "ನಾನಿಲ್ದಿದ್ರೆ ಇವಳು ಇನ್ನೂ ಸೇತುವೆ ಹತ್ರ ಮೀನು ಎಣಿಸ್ತಿದ್ಲು," ಎಂದು ಪ್ರತಿ ವಾರ ಅದೇ ಮಾತು. ಪ್ರತಿ ವಾರ ಅದೇ ನಗೆ. ಅವಳೂ ನಗುತ್ತಿದ್ದಳು. ಆ ನಗು ನೆನಪಾದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಅವರು ನಕ್ಕದ್ದಕ್ಕಲ್ಲ, ತಾನು ನಕ್ಕದ್ದಕ್ಕೆ.

ದಾರಿಯಲ್ಲಿ ಶಾಂಪ್ರಿ ಎಂಬ ಊರಿನ ಚರ್ಚಿನ ಪಕ್ಕ, ಸ್ಮಶಾನದ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಳ್ಳಲು ನಿಂತರು. ಹೂಕುಂಡಕ್ಕೆ ಹಾಕುವ ನೀರು ಕುಡಿಯುವುದಕ್ಕೂ ಚೆನ್ನ. ಸತ್ತವರು ಸೈಕಲ್ಲಿನವರ ಮೇಲೆ ಯಾವತ್ತೂ ಬೇಸರ ಮಾಡಿಕೊಂಡಿಲ್ಲ ಎಂದು ಮಾರ್ಸ್ಯಾಲ್ ಹೇಳುವುದುಂಟು. ರೆಜಿಸ್ ನಲ್ಲಿಗೆ ಬಾಟಲಿ ಹಿಡಿದ. ಬಾಟಲಿಯ ಬಾಯಿ ನೀರಿನ ಧಾರೆಯಿಂದ ಆಚೆ ಈಚೆ ಹೋಗುತ್ತಿತ್ತು, ನೀರು ಅವನ ಬೂಟಿನ ಮೇಲೆ ಸುರಿಯುತ್ತಿತ್ತು. ಅದನ್ನು ನೋಡಬಾರದೆಂದು ನಾದೆಜ್ ಚರ್ಚಿನ ಬಾಗಿಲ ಕಡೆ ಮುಖ ತಿರುಗಿಸಿದಳು. ಬಾಗಿಲ ಮೇಲಿನ ಕಲ್ಲುತೊಲೆಯ ಅಡಿಯಲ್ಲಿ ಎರಡು ಕಲ್ಲುಮನುಷ್ಯರು, ಕೆನ್ನೆ ಉಬ್ಬಿಸಿ, ಮೊಣಕಾಲು ಮಡಚಿ, ಒಂಬೈನೂರು ವರ್ಷಗಳಿಂದ ಅದನ್ನು ಹೊತ್ತಿದ್ದಾರೆ. ಕೆತ್ತಿದವನಿಗೆ ಭಾರ ಹೊರುವುದೆಂದರೇನೆಂದು ಗೊತ್ತಿತ್ತು. ಒಬ್ಬನ ಕಣ್ಣು ಮೇಲಕ್ಕೆ, ಬೈಯುವವನ ಹಾಗೆ. ಮೇಲೆ ಕೂತ ದೇವರು, ದೇವದೂತರು ಎಲ್ಲರೂ ಎಷ್ಟು ಚಂದ ಎಂದು ದೂರದಿಂದ ಬಂದವರು ಫೋಟೋ ತೆಗೆಯುತ್ತಾರೆ.

"ಏನೇ, ಪ್ರಾರ್ಥನೇನಾ?" ಎಂದ ರೆಜಿಸ್ ಹಿಂದಿನಿಂದ. "ನನ್ನ ಹೆಸರು ಸೇರಿಸ್ಬೇಡ. ಇನ್ನೂ ಇದೀನಿ."

"ಇದೀಯಾ, ಕಾಣಿಸ್ತಿದೆ. ಬೂಟು ತೊಳ್ಕೊಂಡಾಯ್ತಾ?"

ಅವನು ಬೂಟು ನೋಡಿಕೊಂಡ, ಅವಳನ್ನು ನೋಡಿದ. ಹೇಳಬಾರದಿತ್ತು. ಅವಳ ನಾಲಿಗೆ ಯಾವಾಗಲೂ ಹೀಗೆ, ಮನಸ್ಸಿಗಿಂತ ಒಂದು ಹೆಜ್ಜೆ ಮುಂದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಡಿಸೆಂಬರಿನಲ್ಲಿ ಅವನು ಚೇತರಿಕೆಯ ಮನೆಯಲ್ಲಿದ್ದ. ತಂಗಿಯ ಮನೆಗೆ ಹೋಗುತ್ತೇನೆ ಎಂದು ಅವನಿಗೆ ಹೇಳಿ ಅವಳು ವೆರ್ನೆಯ ಸೇತುವೆಗೆ ಹೋಗುತ್ತಿದ್ದಳು. ಮೊದಲ ಸಲ ಕಟ್ಟೆಯ ತಿರುವಿನಲ್ಲೇ ಇಳಿದುಬಿಟ್ಟಳು. ಕಾಲು ಸೋತಿರಲಿಲ್ಲ; ಬೆನ್ನು ಕೈಗಾಗಿ ಕಾಯುತ್ತಿತ್ತು. ಬರಬೇಕಾದ ಜಾಗದಲ್ಲಿ ಕೈ ಬರದಿದ್ದಾಗ ಕಾಲುಗಳು ಅಪ್ಪಣೆ ಸಿಗದ ಆಳುಗಳಂತೆ ನಿಂತುಬಿಟ್ಟವು. ಕಟ್ಟೆಯ ಕಲ್ಲಿನ ಮೇಲೆ ಕೂತು ಅವಳು ತನ್ನ ಬೆನ್ನನ್ನು ಬೈದಳು, ಬಾಯಿಬಿಟ್ಟು, ಲಾರಿಯವರ ಬೈಗುಳದಲ್ಲಿ. ಮತ್ತೆ ಹೋದಳು, ಮತ್ತೆ ಇಳಿದಳು. ಕ್ರಿಸ್‌ಮಸ್ಸಿನ ಹಿಂದಿನ ವಾರ, ಬೇಲಿಯ ಮೇಲೆ ಮಂಜು ಗಟ್ಟಿಯಾಗಿದ್ದ ಮಧ್ಯಾಹ್ನ, ಅವಳು ಚರ್ಚಿನ ಎದುರು ಬಂದು ನಿಂತಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲು ಮುಚ್ಚಿತ್ತು. ಅವಳು ನಕ್ಕಳು, ಅತ್ತಳು, ಮೂಗು ಸೋರಿ ತುಟಿಗೆ ಬಂತು, ಒರೆಸಿಕೊಳ್ಳಲಿಲ್ಲ. ಸಂಜೆ ಫೋನಿನಲ್ಲಿ ರೆಜಿಸ್, "ಇವತ್ತು ಕಿಟಕಿ ತನಕ ನಡೆದೆ ಕಣೇ, ಯಾರೂ ಹಿಡ್ಕೊಳ್ಳಲಿಲ್ಲ," ಎಂದ. ಭೇಷ್ ಎಂದಳು. ತನ್ನದನ್ನು ಬಾಯೊಳಗೇ ಇಟ್ಟುಕೊಂಡಳು, ಕದ್ದ ಸಕ್ಕರೆಯ ಹಾಗೆ. ಅವನ ಎದೆಯ ಹೊಲಿಗೆ ಇನ್ನೂ ಒಣಗಿರಲಿಲ್ಲ, ಅವಳು ಕನ್ನಡಿಯ ಎದುರು ತನ್ನ ತೊಡೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವನು ಏಳದೇ ಹೋದರೆ ಎಂಬ ಭಯದ ಒಳಗೇ, ಅವನು ಎದ್ದರೆ ಆ ಕೈಯೂ ಏಳುತ್ತದಲ್ಲ ಎಂಬ ಇನ್ನೊಂದು ಭಯ. ಇದನ್ನು ಪಾದ್ರಿಗೂ ಹೇಳಲಾಗದು.

ಸೇತುವೆ ಬಂತು. ರೆಜಿಸ್ ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದ.

"ಲೋ, ಮೆಲ್ಲಗೆ!" ಎಂದ ಫಾಬ್ರಿಸ್.

ಮೆಲ್ಲಗೆ ಹೋಗುವ ಮನುಷ್ಯ ಅವನಲ್ಲ. ಐವತ್ತು ಮಾರು ಚೆನ್ನಾಗಿಯೇ ಹೋದ. ಆಮೇಲೆ ಯಂತ್ರ ಕೀಚ್ ಎಂದಿತು. ಹಕ್ಕಿಮರಿಯಂಥ ಸಣ್ಣ ದನಿ, ಆದರೆ ಆ ನಿಶ್ಶಬ್ದ ರಸ್ತೆಯಲ್ಲಿ ಬೇಲಿಯಾಚೆಯ ಹಸುಗಳು ಕೂಡ ತಲೆ ಎತ್ತಿದವು. ಅವನು ಕೂತ. ಗಾಲಿ ಅಡ್ಡಾದಿಡ್ಡಿ ಹೋಯಿತು. ನಿಲ್ಲಿಸು ಎಂದು ಕೂಗಲು ನಾದೆಜ್ ಬಾಯಿ ತೆರೆದಳು, ಅಷ್ಟರಲ್ಲಿ ಮಾರ್ಸ್ಯಾಲ್ ಅವಳನ್ನು ದಾಟಿ ಅವನ ಪಕ್ಕಕ್ಕೆ ಬಂದ, ಯಾವ ದುರುದ್ದೇಶವೂ ಇಲ್ಲದೆ, ಪದ್ಧತಿಯಂತೆ ತನ್ನ ದಪ್ಪ ಅಂಗೈಯನ್ನು ಅವನ ಬೆನ್ನ ಕಡೆ ಚಾಚಿದ.

"ಕೈ ಇಟ್ಟೆ ಅಂದ್ರೆ ಮುರೀತೀನಿ," ಎಂದ ರೆಜಿಸ್, ತಿರುಗಿಯೂ ನೋಡದೆ.

ಮಾರ್ಸ್ಯಾಲ್‌ನ ಕೈ ಗಾಳಿಯಲ್ಲೇ ನಿಂತಿತು. ಅವನು ಹಿಂದೆ ಬಿದ್ದ. ಈಗ ರೆಜಿಸ್‌ನ ಪಕ್ಕದ ಜಾಗ ಖಾಲಿ. ನಾದೆಜ್ ಅಲ್ಲಿಗೆ ಹೋದಳು. ಹೋಗದೆ ಇರಲು ಬರುವಂತಿರಲಿಲ್ಲ. ಅವಳ ಬಲಗೈ ಹ್ಯಾಂಡಲ್ಲಿನ ಮೇಲೆ ತುರಿಸುತ್ತಿತ್ತು. ಒಂದೇ ಒಂದು ಸಲ, ಅವನ ಬೆನ್ನ ಮೇಲೆ, ಅಗಲವಾಗಿ, ಎಲ್ಲರ ಎದುರು! ಸುಮ್ನಿರೋ, ಕತ್ತಲಾಗ್ಬಿಡುತ್ತೆ ಎಂದು ಪ್ರೀತಿಯಿಂದಲೇ ಹೇಳಿ! ಅವಳು ಅವನ ಮುಖ ನೋಡಿದಳು. ತುಟಿ ನೀಲಿಯಾಗಿರಲಿಲ್ಲ, ದೇವರ ದಯೆ. ಬೂದಿಯ ಬಣ್ಣ ಅಷ್ಟೇ. ಕಣ್ಣು ಮಾತ್ರ ಹಲಗೆ ಹತ್ತಲೊಲ್ಲದ ಹೋರಿಯದು. ಅವಳು ಅವನಿಗಿಂತ ಅರ್ಧ ಗಾಲಿ ಮುಂದಾದಳು. ಕಟ್ಟೆಯ ತಿರುವು ಬಂತು. ಕೈ ಬಂತು.

ಅವಳ ಬೆನ್ನ ಮೇಲೆ, ಸೊಂಟದ ಹತ್ತಿರ, ಸರಿಯಾಗಿ ಅದೇ ಜಾಗದಲ್ಲಿ. ಅವಳಿಗೆ ಸಿಡಿಲು ಬಡಿದಷ್ಟು ಸಿಟ್ಟು ಬಂತು. ಇವತ್ತೂ! ಸಾಯುತ್ತಾ ಇದ್ದರೂ! ಮರುಕ್ಷಣ ಅವಳ ಅಂಗಿಯ ಕೊರಳು ಗಂಟಲಿಗೆ ಬಿಗಿಯಿತು. ಕೈ ತಳ್ಳುತ್ತಿರಲಿಲ್ಲ. ಬೆರಳುಗಳು ಅವಳ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದವು. ಒಬ್ಬ ಇಡೀ ಗಂಡಸಿನ ಭಾರ, ಅವನ ಸೈಕಲ್ಲಿನ ಭಾರ, ಅವಳ ಸೊಂಟಕ್ಕೆ ಜೋತುಬಿತ್ತು. ಹಿಂದೆ ಬರುತ್ತಿದ್ದ ಇಬ್ಬರಿಗೆ ಕಾಣುತ್ತಿದ್ದದ್ದು ಎಷ್ಟೋ ವರ್ಷಗಳಿಂದ ಕಂಡದ್ದೇ, ಹೆಂಡತಿಯ ಬೆನ್ನ ಮೇಲೆ ಗಂಡನ ಕೈ.

"ತಳ್ಳೋ ನನ್ನಪ್ಪಾ! ತಳ್ಳು!" ಎಂದು ಮಾರ್ಸ್ಯಾಲ್ ಅರಚಿದ, ಅವನ ದನಿ ಸಂತೋಷಕ್ಕೆ ಒಡೆದಿತ್ತು. "ಎಂಥಾ ಗಂಡ್ಸೋ ನೀನು!"

ಒಮ್ಮೆ ಸೊಂಟ ಕೊಡವಿದರೆ ಸಾಕಿತ್ತು. ಅಥವಾ ಬಾಯಿ ತೆರೆದು ಒಂದು ಮಾತು. ಅವಳು ಎರಡನ್ನೂ ಮಾಡಲಿಲ್ಲ. ಒಳ್ಳೆಯತನದಿಂದಲ್ಲ, ಕಾಲುಗಳು ಅಷ್ಟರಲ್ಲೇ ತುಳಿಯತೊಡಗಿದ್ದವು. ಬೆನ್ನು ಬಾಗಿತು, ಮೊಣಕೈ ಅಗಲವಾಯಿತು, ಗಾಲಿ ನೆಲವನ್ನು ಕಚ್ಚಿತು. ಚಳಿಗಾಲವೆಲ್ಲ ಒಬ್ಬಳೇ ತುಳಿದ ಏರನ್ನು ಈಗ ಇಬ್ಬರ ಪರವಾಗಿ ತುಳಿದಳು. ಗಂಟಲಿಗೆ ಬಿಗಿದ ಅಂಗಿ ಉಸಿರನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು, ಉಳಿದರ್ಧದಲ್ಲೇ ತುಳಿದಳು. ಕಿವಿಯೊಳಗೆ ಅವಳದೇ ರಕ್ತದ ಸದ್ದು. ನಡುವೆ ಎಲ್ಲೋ ಒಂದು ಸದ್ದು ಇಲ್ಲವಾದಂತೆ ಅನಿಸಿತು. ಯಂತ್ರ ಕೂಗುವುದನ್ನು ನಿಲ್ಲಿಸಿತ್ತು. ಅವನ ಹೃದಯ ಅವಳ ಹಿಂದೆ ಆರಾಮವಾಗಿ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದ್ದು ತನ್ನ ಕಾಲು ಎಂದು ಗೊತ್ತಾದಾಗ ಅವಳ ಒಳಗೆ ಎದ್ದದ್ದಕ್ಕೆ ಕರುಣೆ ಎನ್ನಲಾಗದು. ಅದು ಹೆಮ್ಮೆ, ಶುದ್ಧ, ನಾಚಿಕೆಯಿಲ್ಲದ ಹೆಮ್ಮೆ.

ಮೇಲೆ, ಹೋಟೆಲಿನ ಮುಂದಿನ ಮೇಜಿಗೆ ಬಿಳಿ ವೈನ್ ಬಂತು, ಒಣಗಿಸಿದ ಸಾಸೇಜ್ ಬಂತು. ಮಾರ್ಸ್ಯಾಲ್ ರೆಜಿಸ್‌ನ ಎರಡೂ ಕೆನ್ನೆಗೆ ಮುತ್ತಿಟ್ಟ. "ಎದೆ ಸೀಳಿಸ್ಕೊಂಡು ಬಂದು ಹೆಂಡ್ತೀನ ವೆರ್ನೆ ಹತ್ತಿಸ್ದ! ಈ ಸೀಮೇಲಿ ಇಂಥೋನು ಇನ್ನೊಬ್ಬನಿಲ್ಲ. ನಾದೆಜ್ ತಾಯಿ, ಒಂದು ಮುತ್ತಾದ್ರೂ ಕೊಡಮ್ಮ ಪಾಪ, ಹೊತ್ತು ತಂದಿದಾನೆ ನಿನ್ನ."

ರೆಜಿಸ್ ಗ್ಲಾಸಿನ ಅಂಚು ನೋಡುತ್ತಿದ್ದ. ಹಳೆಯ ಮೀನಿನ ಮಾತು ಹೇಳಲಿಲ್ಲ. ಬೇರೆ ಮಾತನ್ನೂ ಹೇಳಲಿಲ್ಲ. ಅವಳು ಕಾದಳು, ಒಂದು ಗುಟುಕು ಕುಡಿಯುವಷ್ಟು ಹೊತ್ತು. ಅವನ ಎಡಗೈ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಫಾಬ್ರಿಸ್ ನಾಡಿ ನೋಡಲು ಅವನ ಮಣಿಕಟ್ಟು ಹಿಡಿದು, "ಅದ್ಭುತ, ಎಷ್ಟು ನಿಧಾನ ಇದೆ," ಎಂದ. ಆಗ ನಾದೆಜ್ ಗ್ಲಾಸನ್ನು ತುಟಿಗೆ ತಾಗಿಸದೆ ಕೆಳಗಿಟ್ಟು ಎದ್ದಳು. ಸೊಂಟದ ಮಳೆಯಂಗಿ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು.

"ಎಲ್ಲಿಗೇ?" ಎಂದ ಮಾರ್ಸ್ಯಾಲ್.

"ಕೆಳಕ್ಕೆ."

"ಏನಾದ್ರೂ ಬೀಳಿಸ್ಕೊಂಡ್ಯಾ?"

"ಏನೂ ಬಿದ್ದಿಲ್ಲ. ಮತ್ತೆ ಹತ್ಬೇಕು."

"ತಲೆ ಕೆಟ್ಟಿದ್ಯೇನೇ? ಸಾಸೇಜ್ ಕತ್ತರಿಸ್ತಾ ಇದೀನಿ!"

ಇಳಿಜಾರಿನಲ್ಲಿ ಗಾಳಿ ಕಣ್ಣಲ್ಲಿ ನೀರು ತಂದಿತು. ಸೇತುವೆಯ ಮೇಲೆ ಸೈಕಲ್ ತಿರುಗಿಸಿ ಒಂದು ಕಾಲೂರಿ ನಿಂತಳು. ಮನೆಗೆ ಹೋಗಿಬಿಡಬಹುದಿತ್ತು, ಇಲ್ಲಿಂದ ಮನೆಯ ತನಕ ಸಮತಟ್ಟು ರಸ್ತೆ. ತಾನು ಯಾಕೆ ಇಳಿದು ಬಂದೆ, ಅವನಿಗೆ ಬುದ್ಧಿ ಕಲಿಸುವುದಕ್ಕೋ? ಹಾಗಿದ್ದರೆ ಮೇಜಿನ ಬಳಿಯೇ ನಾಲ್ಕು ಮಾತಿನಲ್ಲಿ ಮುಗಿಯುತ್ತಿತ್ತು. ಮೊದಲ ಏರು ಅವನ ಪಾಲಿಗೆ ಹೋಯಿತು, ಹೋಗಲಿ. ಕೊಟ್ಟದ್ದನ್ನು ವಾಪಸು ಕೇಳುವ ಜಾತಿಯವಳಲ್ಲ ತಾನು. ಇದು ಬೇರೆಯದು. ಅವಳು ತುಳಿಯತೊಡಗಿದಳು. ಸುಸ್ತಾದ ಕಾಲು ಮೊದಲು ಬೈದವು, ಆಮೇಲೆ ಒಪ್ಪಿಕೊಂಡವು. ಹೊರಲು ಯಾರೂ ಇಲ್ಲದ ಬೆನ್ನು ಎಷ್ಟು ಹಗುರವೆಂದರೆ ಅವಳಿಗೆ ನಗು ಬಂತು.

ಕಟ್ಟೆಯ ಬಳಿ ಬರುವಾಗ ಮೇಲಿನಿಂದ ಟಕಟಕ ಸದ್ದು ಕೇಳಿಸಿತು. ಸೈಕಲ್ ಬೂಟಿನ ಕಬ್ಬಿಣ ಡಾಂಬರಿಗೆ ಬಡಿಯುತ್ತಾ ಮಾರ್ಸ್ಯಾಲ್ ಇಳಿದು ಓಡಿ ಬರುತ್ತಿದ್ದ, ಬಾಯಲ್ಲಿ ಸಾಸೇಜ್ ತುಂಡು. ಅವನ ಹಿಂದೆ ಫಾಬ್ರಿಸ್, ಅದಕ್ಕೂ ಹಿಂದೆ ನಿಧಾನವಾಗಿ, ಬೇಲಿ ಹಿಡಿದುಕೊಂಡು, ರೆಜಿಸ್. "ಪಾಪ, ಎರಡನೇ ಸಲ! ಬಂದೆ ತಾಯಿ, ಬಂದೆ!" ಎನ್ನುತ್ತಾ ಮಾರ್ಸ್ಯಾಲ್ ಪಕ್ಕದಲ್ಲಿ ಓಡತೊಡಗಿದ. ಅವನ ಅಂಗೈ ಮೇಲೆದ್ದದ್ದನ್ನು ಅವಳು ಕಣ್ಣಂಚಿನಲ್ಲಿ ಕಂಡಳು. ಬೇಡ ಎನ್ನಲು ಅವಳಲ್ಲಿ ಉಸಿರಿರಲಿಲ್ಲ.

"ಮುಟ್ಬೇಡ ಅವಳನ್ನ!"

ಸಂತೆಮಾಳದ ದನಿ ಅದು. ಬೇಲಿಯಿಂದ ಹಕ್ಕಿಗಳು ಎದ್ದವು.

"ಮುಟ್ಬೇಡ ಅಂದ್ನಲ್ಲೋ ಕಿವುಡ! ಅವಳಿಗೆ ಯಾವನ ಕೈಯೂ ಬೇಕಾಗಿಲ್ಲ. ಆಗ್ಲೂ ಬೇಕಾಗಿರ್ಲಿಲ್ಲ. ಅವಳ ಅಂಗಿಗೆ ನೇತಾಡ್ಕೊಂಡು ಬಂದೋನು ನಾನು! ನಾನು ತಳ್ಳಲಿಲ್ಲ, ಅವಳು ಎಳ್ಕೊಂಡು ಬಂದ್ಲು, ಗೊತ್ತಾಯ್ತಾ? ಸತ್ತ ಹೋರಿ ಎಳ್ದಂಗೆ ಎಳ್ಕೊಂಡು ಬಂದ್ಲು!"

ಮಾರ್ಸ್ಯಾಲ್ ನಿಂತುಬಿಟ್ಟ. ಸಾಸೇಜ್ ಅಗಿಯುವುದನ್ನೂ ನಿಲ್ಲಿಸಿದ. ಫಾಬ್ರಿಸ್ ರಸ್ತೆ ಬಿಟ್ಟು ಹುಲ್ಲಿಗೆ ಇಳಿದ. ರೆಜಿಸ್‌ನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಯಾರ ಮೇಲಿನ ಸಿಟ್ಟು ಎಂದು ಅವನಿಗೂ ತಿಳಿದಿರಲಾರದು. ಅವಳು ಅವನನ್ನು ದಾಟುವಾಗ ಅವನು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಮೇಷ್ಟ್ರ ಎದುರು ನಿಂತ ಹುಡುಗನಂತೆ ನೆಟ್ಟಗೆ. ಅವಳು ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ತುಳಿತ ತಪ್ಪುತ್ತಿತ್ತು. ಆದರೆ ತುಳಿಯಲು ಇನ್ನೂ ಗಟ್ಟಿಯಾದ ಗೇರಿಗೆ ಹಾಕಿದಳು, ಅವನಿಗೆ ಕೇಳಿಸಲಿ ಎಂದೇ. ಚೈನು ಖಟ್ ಎಂದು ಹಾರಿ ಕೂತಿತು.

ಚರ್ಚಿನ ಎದುರು ಮೇಜಿನ ಮೇಲೆ ಅವಳ ಗ್ಲಾಸು ಹಾಗೇ ಇತ್ತು. ಅವಳು ನಿಲ್ಲಲಿಲ್ಲ. ವೈನ್ ಇಲ್ಲಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಕ್ಲಬ್ಬಿನವರು ಏರು ಇಲ್ಲಿಗೆ ಮುಗಿಯಿತು ಅನ್ನುತ್ತಿದ್ದರು. ಚಳಿಗಾಲದಲ್ಲಿ ಒಬ್ಬಳೇ ಬಂದಾಗಲೂ ಅವಳು ಆ ಮಾತನ್ನು ನಂಬಿ ಇಲ್ಲೇ ಇಳಿದಿದ್ದಳು. ಈಗ ಗೋಪುರ ಬಲಗಡೆಯಿಂದ ನಿಧಾನವಾಗಿ ಹಿಂದಕ್ಕೆ ಸರಿಯಿತು, ಸ್ಮಶಾನದ ಗೋಡೆ ಮುಗಿಯಿತು, ರಸ್ತೆ ಕಿರಿದಾಗಿ, ನಡುವೆ ಹುಲ್ಲಿನ ಗೆರೆ ಹೊತ್ತು, ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಹೊಲದ ಅಂಚಿನಲ್ಲಿ ಬಿಳಿ ಹಸುವೊಂದು ಮೆಲುಕು ಹಾಕುತ್ತಾ ಅವಳನ್ನು ನೋಡಿತು. ಅದನ್ನೂ ದಾಟಿದ ಮೇಲೆ ತುಳಿಯಲು ಎದುರಿಗೆ ಏರು ಇರಲಿಲ್ಲ. ಆಕಾಶವಿತ್ತು, ಕೆಳಗೆ ಲ್ವಾರ್ ನದಿಯ ಬಯಲು ಇತ್ತು. ಅವಳು ಕಾಲೂರಿ ನಿಂತು, ಬಿಗಿದಿದ್ದ ಕೊರಳಿನ ಜಿಪ್ಪು ಕೆಳಗೆಳೆದು, ಉಸಿರು ತೆಗೆದುಕೊಂಡಳು. ಹಿಂದಿನಿಂದ ಯಾರೋ ಅವಳ ಹೆಸರು ಕೂಗುತ್ತಿದ್ದರು, ಅವನೇ ಇರಬೇಕು.

"ಇಲ್ಲೀ ತನಕ ಬಾ," ಎಂದು ಅವಳು ತಿರುಗದೆಯೇ ಕೂಗಿದಳು. "ನಡ್ಕೊಂಡು ಬಾ, ಪರವಾಗಿಲ್ಲ. ನಂಗೇನೂ ಅವಸರ ಇಲ್ಲ."